ಎರಡಾಣೆಯ ಕ್ರಾಂತಿ ಮತ್ತು ಎರಡು ಪರ್ಸೆಂಟಿನ ದಾನ

"ಉದ್ಯಮಿಗಳೇ ಸಮಾಜವನ್ನು ಬದಲಾಯಿಸುವವರು" ಅನ್ನುವ ಮಾತು ಈಗೀಗ ಎಲ್ಲಿ ಹೋದರೂ ಕಿವಿಗೆ ಬೀಳುತ್ತದೆ. ಕಾಲೇಜು ವಾರ್ಷಿಕೋತ್ಸವಕ್ಕೆ ಬಂದ ಮುಖ್ಯ ಅತಿಥಿ ಹೇಳುತ್ತಾರೆ, ಪೇಪರಿನ ಪುರವಣಿ ಹೇಳುತ್ತದೆ, ಬೆಳಗಾದರೆ ವಾಟ್ಸಾಪಿಗೆ ಬಂದು ಬೀಳುವ ಸುಪ್ರಭಾತವೂ ಅದನ್ನೇ ಹೇಳುತ್ತದೆ. ಸರಿ ಸ್ವಾಮೀ, ಹೇಗೆ ಬದಲಾಯಿಸಿದರು ಅಂತ ಕೇಳಿ ನೋಡಿ. ಉತ್ತರ ಮಾತ್ರ ಯಾವಾಗಲೂ ಒಂದೇ ಥರ. ಇವರು ಇಷ್ಟು ಕೋಟಿ ದಾನ ಕೊಟ್ಟರು, ಅವರು ಶಾಲೆಗೆ ಶೌಚಾಲಯ ಕಟ್ಟಿಸಿದರು, ಇನ್ನೊಬ್ಬರು ಕೆರೆಯ ಹೂಳೆತ್ತಿಸಿದರು...

ನನ್ನ ತಕರಾರು ಇರೋದೇ ಇಲ್ಲಿ. ಇದೆಲ್ಲ ಒಳ್ಳೆಯ ಕೆಲಸವೇ, ಬೇಡ ಅನ್ನುವವನು ನಾನಲ್ಲ. ಆದರೆ ಇದು ಉದ್ಯಮಿಯ ಕೆಲಸ ಅಲ್ಲ, ದಾನಿಯ ಕೆಲಸ. ದೇವಸ್ಥಾನದ ಕಂಬದ ಮೇಲೆ ಹೆಸರು ಕೆತ್ತಿಸಿಕೊಂಡವರೂ ಇದನ್ನೇ ಮಾಡಿದ್ದು. ಉದ್ಯಮಿ ಸಮಾಜವನ್ನು ಬದಲಾಯಿಸುವುದೇ ಆದರೆ ಅದು ಅವನ ವ್ಯಾಪಾರದಿಂದ ಆಗಬೇಕು, ವ್ಯಾಪಾರ ಮುಗಿಸಿ ಕೈ ತೊಳೆದುಕೊಂಡ ಮೇಲೆ ಹಂಚುವ ಪ್ರಸಾದದಿಂದಲ್ಲ.

ಈಗಂತೂ ಈ ಪ್ರಸಾದಕ್ಕೂ ಕಾನೂನಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಕಾನೂನಿಗೆ ಹೆದರಿ ಕೊಟ್ಟದ್ದಕ್ಕೂ ಫ್ಲೆಕ್ಸ್ ಕಟ್ಟಿ, ಶಾಲು ಹೊದಿಸಿ, ಹಾರ ಹಾಕುವ ಜನ ನಾವು. ಆ ಎರಡು ರೂಪಾಯಿ ಎಲ್ಲಿಗೆ ಹೋಯಿತು ಅನ್ನುವುದರ ಲೆಕ್ಕ ಬಣ್ಣಬಣ್ಣದ ವಾರ್ಷಿಕ ವರದಿಯಲ್ಲಿ ಚಿತ್ರಸಮೇತ ಇರುತ್ತದೆ. ಆ ನೂರು ರೂಪಾಯಿ ಎಲ್ಲಿಂದ ಬಂತು? ಅದನ್ನು ಕೇಳುವವರಿಲ್ಲ.

ಇಷ್ಟಕ್ಕೇ ನನ್ನ ಎಡಪಂಥೀಯ ಗೆಳೆಯರು ಚಪ್ಪಾಳೆ ತಟ್ಟುವುದು ಬೇಡ. "ಲಾಭ ಅಂದರೇ ಮೋಸ, ವ್ಯಾಪಾರಿ ಅಂದರೇ ಕಳ್ಳ" ಅನ್ನುವ ನಿಮ್ಮ ವಾದವನ್ನೂ ನಾನು ಒಪ್ಪುವವನಲ್ಲ. ಯಾಕೆ ಅಂದರೆ, ವ್ಯಾಪಾರ ಮಾಡಿಯೇ ಒಂದು ಸೀಮೆಯನ್ನು ಬದಲಾಯಿಸಿದವರ ಊರಿನ ಕಡೆಯಿಂದ ಬಂದವನು ನಾನು. ಅವಿಭಜಿತ ದಕ್ಷಿಣ ಕನ್ನಡ.

ಬ್ಯಾಂಕುಗಳ ಜಿಲ್ಲೆ ಅಂತ ನಮ್ಮ ಕಡೆಯವರು ಕೊಚ್ಚಿಕೊಳ್ಳುವುದನ್ನು ನೀವೆಲ್ಲ ಕೇಳಿ ಕೇಳಿ ಬೇಸತ್ತಿರಬಹುದು :) ಆದರೂ ಒಮ್ಮೆ ವರ್ಷಗಳನ್ನು ಸಾಲಾಗಿ ಇಟ್ಟು ನೋಡಿ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮತ್ತು ಸಂಗಡಿಗರು ಶುರು ಮಾಡಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದೇ ವರ್ಷ ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ಫಂಡು ಕೆನರಾ ಬ್ಯಾಂಕ್ ಆಯಿತು. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ಎ. ಬಿ. ಶೆಟ್ಟರ ಮುಂದಾಳತ್ವದಲ್ಲಿ ವಿಜಯಾ ಬ್ಯಾಂಕ್. ಸರ್ಕಾರ 1969ರಲ್ಲಿ 14, 1980ರಲ್ಲಿ 6, ಒಟ್ಟು 20 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತಲ್ಲ, ಅದರಲ್ಲಿ ನಾಲ್ಕು ಈ ಒಂದೇ ಜಿಲ್ಲೆಯಲ್ಲಿ ಹುಟ್ಟಿದವು. ದೊಡ್ಡ ಕಾರ್ಖಾನೆ ಇಲ್ಲ, ರಾಜಧಾನಿ ಅಲ್ಲ. ಮಳೆ, ಗುಡ್ಡ, ಹೊಳೆ, ಹಂಚಿನ ಕಾರ್ಖಾನೆ, ಮೀನು, ಅಡಿಕೆ. ಅಷ್ಟೇ ಇದ್ದದ್ದು.

ಇವುಗಳಲ್ಲಿ ನನಗೆ ಬೇಕಾದ್ದು ಸಿಂಡಿಕೇಟಿನ ಕತೆ. ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರು, ಟಿ. ಎಂ. ಎ. ಪೈ ಡಾಕ್ಟರು. ಕೈಮಗ್ಗದ ಕಸುಬು ನೆಲಕಚ್ಚಿ ಉಡುಪಿ ಸುತ್ತಮುತ್ತಲಿನ ನೇಕಾರರು ಕಂಗಾಲಾಗಿದ್ದ ಕಾಲ. ಅವರಿಗೆ ಬಂಡವಾಳ ಒದಗಿಸಬೇಕು ಅಂತ ಈ ಮೂವರು 8000 ರೂಪಾಯಿ ಬಂಡವಾಳದಲ್ಲಿ ಸಂಸ್ಥೆ ಶುರು ಮಾಡಿದರು. ಸಾಲ ಕೊಡಬೇಕಾದರೆ ಠೇವಣಿ ಬೇಕು. ಠೇವಣಿ ಇಡುವ ಶ್ರೀಮಂತರು ಆ ಕಾಲದ ಉಡುಪಿಯಲ್ಲಿ ಎಷ್ಟು ಜನ ಇದ್ದಾರು?

ಅದಕ್ಕೆ 1928ರಲ್ಲಿ ಅವರು ಕಂಡುಕೊಂಡ ಉಪಾಯವೇ ಪಿಗ್ಮಿ. ಕುಳ್ಳ ಅನ್ನುವ ಅರ್ಥದ ಇಂಗ್ಲಿಷ್ ಪದ. ಬ್ಯಾಂಕಿನ ಕಡೆಯವನೊಬ್ಬ ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬರುತ್ತಾನೆ. ಕನಿಷ್ಠ ಎರಡಾಣೆ ಕೊಟ್ಟರೂ ಸಾಕು, ಬರೆದುಕೊಂಡು ಹೋಗುತ್ತಾನೆ. ಲೆಕ್ಕ ಹಾಕಿ ನೋಡಿ: ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 45 ರೂಪಾಯಿ 10 ಆಣೆ. ಎರಡಾಣೆ ಕೈಯಲ್ಲಿದ್ದರೆ ಸಂಜೆಯೊಳಗೆ ಖರ್ಚಾಗಿ ಹೋಗುತ್ತದೆ. ನಲವತ್ತೈದು ರೂಪಾಯಿ ಒಟ್ಟಿಗೆ ಸಿಕ್ಕರೆ ಒಂದು ಹೊಲಿಗೆ ಯಂತ್ರಕ್ಕೆ ಮುಂಗಡವಾದೀತು, ಮಗಳ ಮದುವೆಯ ಸಾಲ ಅಷ್ಟು ಕಡಿಮೆಯಾದೀತು.

ಇದರಲ್ಲಿ ದಾನ ಎಲ್ಲಿದೆ ಹೇಳಿ? ಎಲ್ಲೂ ಇಲ್ಲ. ಬ್ಯಾಂಕಿಗೆ ದುಡ್ಡು ಬೇಕಿತ್ತು, ದುಡ್ಡು ಇದ್ದದ್ದು ಬಡವರ ಸೆರಗಿನ ಗಂಟಿನಲ್ಲಿ ಚಿಲ್ಲರೆಯಾಗಿ. ಆ ಚಿಲ್ಲರೆಯನ್ನು ಎಣಿಸುವ ಖರ್ಚೇ ಜಾಸ್ತಿ ಅಂತ ಬೇರೆ ಬ್ಯಾಂಕುಗಳು ಮೂಗು ಮುರಿದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಇವರು ಎಣಿಸಿದರು. ನನ್ನ ಲೆಕ್ಕದಲ್ಲಿ ಉದ್ಯಮಶೀಲತೆ ಅಂದರೆ ಇದು. ಬೇರೆಯವರು ಲೆಕ್ಕಕ್ಕೇ ಹಿಡಿಯದ ಮನುಷ್ಯನನ್ನು ಗಿರಾಕಿ ಅಂತ ಕಾಣುವ ಕಣ್ಣು.

ಪುತ್ತೂರಿನ ಹತ್ತಿರದ ನಮ್ಮೂರಲ್ಲಿ ನನ್ನ ದೊಡ್ಡಮ್ಮ ಬೀಡಿ ಕಟ್ಟುತ್ತಿದ್ದರು. ವಾರಕ್ಕೊಮ್ಮೆ ಬೀಡಿ ಬ್ರಾಂಚಿನಲ್ಲಿ ಮಜೂರಿ. ದೊಡ್ಡಪ್ಪನ ಕೈಗೆ ಸಿಕ್ಕಿದ ದುಡ್ಡು ಎಲ್ಲಿಗೆ ಹೋಗುತ್ತಿತ್ತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಅವರು ಪಿಗ್ಮಿಯವರ ಕೈಗೆ ಕೊಡುತ್ತಿದ್ದರು. ದಿನಾ ಎರಡು ರೂಪಾಯಿ, ಕೆಲವು ದಿನ ಐದು. "ಅದು ನನ್ನ ಹೆಸರಿನಲ್ಲಿ ಉಂಟು" ಅನ್ನುವ ಮಾತನ್ನು ಅವರು ಎಷ್ಟು ಗತ್ತಿನಿಂದ ಹೇಳುತ್ತಿದ್ದರು ಅಂದರೆ, ಜಮೀನಿನ ಆರ್‌ಟಿಸಿ ಇದ್ದವರೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಆ ದುಡ್ಡಲ್ಲಿ ನನ್ನ ಅಕ್ಕ (ದೊಡ್ಡಮ್ಮನ ಮಗಳು) ಟೈಪಿಂಗ್ ಕಲಿತಳು, ಬಸ್ಸು ಹತ್ತಿದಳು, ಕೆಲಸಕ್ಕೆ ಸೇರಿದಳು. ಆರ್ಥಿಕ ಬದಲಾವಣೆ, ಸಾಮಾಜಿಕ ಬದಲಾವಣೆ ಅಂತ ಎರಡು ಬೇರೆ ಬೇರೆ ಪದ ಬಳಸುತ್ತೇವಲ್ಲ, ನಮ್ಮ ಮನೆಯಲ್ಲಿ ಅವೆರಡೂ ಒಂದೇ ಪಾಸ್‌ಬುಕ್ಕಿನಲ್ಲಿದ್ದವು.

ಹಾಗಂತ ಈ ಬ್ಯಾಂಕು ಕಟ್ಟಿದವರನ್ನೆಲ್ಲ ದೇವರು ಮಾಡಿ ಕೂರಿಸುವುದು ಬೇಡ. ಭಕ್ತಿ ಬೇರೆ, ಲೆಕ್ಕ ಬೇರೆ.

ಮೊದಲನೆಯದು, ಈ ಬ್ಯಾಂಕುಗಳು ಹೆಚ್ಚಿನವು ಒಂದೊಂದು ಸಮುದಾಯದ ಒಳಗಿನ ನಂಬಿಕೆಯ ಮೇಲೆ ನಿಂತವು. ಯಾರು ಯಾರಿಗೆ ಪರಿಚಯ, ಯಾರ ಮಾತಿಗೆ ಯಾರಿಗೆ ಸಾಲ ಅನ್ನುವುದರಲ್ಲಿ ಜಾತಿ ಇರಲೇ ಇಲ್ಲ ಅಂದರೆ ನಗು ಬರುತ್ತದೆ. ಪಿಗ್ಮಿಗೆ ಎಲ್ಲರ ಎರಡಾಣೆಯೂ ಆಗುತ್ತಿತ್ತು. ಸಾಲ ಎಲ್ಲರಿಗೂ ಅಷ್ಟೇ ಸಲೀಸಾಗಿ ಆಗುತ್ತಿತ್ತೇ? ಜನರ ಠೇವಣಿ ದೊಡ್ಡ ಮನೆತನಗಳ ಉದ್ದಿಮೆಗೆ ಸಾಲವಾಗಿ ಹೋಗುತ್ತದೆ, ರೈತನಿಗೂ ಸಣ್ಣ ಕಸುಬಿನವನಿಗೂ ಸಿಗುವುದಿಲ್ಲ ಅನ್ನುವುದು 1969ರ ರಾಷ್ಟ್ರೀಕರಣಕ್ಕೆ ಕೊಟ್ಟ ಮುಖ್ಯ ಕಾರಣಗಳಲ್ಲೊಂದು. ಆ ಆರೋಪ ದೇಶದ ಎಲ್ಲ ಖಾಸಗಿ ಬ್ಯಾಂಕುಗಳ ಮೇಲೂ ಇತ್ತು.

ಎರಡನೆಯದು, ಉದ್ಯಮಿಗಳೇ ಎಲ್ಲ ಮಾಡಿದರು, ಸರ್ಕಾರ ಪಕ್ಕಕ್ಕೆ ಸರಿದರೆ ಸಾಕು ಅನ್ನುವವರು ನಮ್ಮ ಜಿಲ್ಲೆಗೆ ಬಂದು ನೋಡಬೇಕು. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಇಲ್ಲದಿದ್ದರೆ ಕರಾವಳಿಯ ಗೇಣಿದಾರರ ಗತಿ ಏನಾಗುತ್ತಿತ್ತು? ಧಣಿಯ ಮನೆಗೆ ಅಕ್ಕಿಮುಡಿ ಹೊತ್ತು ಹಾಕುತ್ತಿದ್ದವನು ಡಿಕ್ಲರೇಷನ್ ಕೊಟ್ಟು ಭೂಮಿಯ ಒಡೆಯನಾದ. ಯಾವ ಬ್ಯಾಂಕು ಅದನ್ನು ಮಾಡಬಲ್ಲುದಾಗಿತ್ತು? ಒಡೆಯನಾದ ಮೇಲೆ ಅಡಿಕೆ ಸಸಿ ನೆಡುವುದಕ್ಕೆ ಸಾಲ ಬೇಕಾಯಿತು ನೋಡಿ, ಆಗ ಬ್ಯಾಂಕು ಬೇಕಾಯಿತು. ಕಾನೂನು ನೆಲ ಕೊಟ್ಟಿತು, ಬ್ಯಾಂಕು ಬೀಜಕ್ಕೆ ದುಡ್ಡು ಕೊಟ್ಟಿತು. ಒಂದನ್ನು ಬಿಟ್ಟು ಇನ್ನೊಂದರ ಕತೆ ಹೇಳುವವರು ಅರ್ಧ ಕತೆ ಹೇಳುತ್ತಿದ್ದಾರೆ ಅಂತ ತಿಳಿಯಿರಿ.

ಮೂರನೆಯದು, ಆ ಪಿಗ್ಮಿ ಕಲೆಕ್ಟರ್. ಬಿಸಿಲು, ಮಳೆ ಅನ್ನದೆ ಗುಡ್ಡ ಹತ್ತಿ ಇಳಿದವನು. ಅವನಿಗೆ ಸಂಬಳ ಇರಲಿಲ್ಲ, ಕಮಿಷನ್. ಅವನು ಬ್ಯಾಂಕಿನ ನೌಕರನೇ ಅಲ್ಲ, ಬರೀ ಏಜೆಂಟ್ ಅಂತ ಬ್ಯಾಂಕುಗಳು ಸುಪ್ರೀಂ ಕೋರ್ಟಿನವರೆಗೂ ವಾದ ಮಾಡಿದವು. ಠೇವಣಿ ಸಂಗ್ರಹಿಸುವವರು ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಕಾರ್ಮಿಕರೇ, ಅವರ ಕಮಿಷನ್ನೂ ಕೂಲಿಯೇ ಅಂತ ಕೋರ್ಟು ಹೇಳಿದ್ದು 2001ರಲ್ಲಿ! ಪಿಗ್ಮಿ ಶುರುವಾಗಿ 73 ವರ್ಷದ ಮೇಲೆ. ಹಾಗೆ ಹೇಳಿದಾಗಲೂ ಅವರನ್ನು ಕಾಯಂ ನೌಕರರ ಸಾಲಿಗೆ ಸೇರಿಸಲಿಲ್ಲ. ಇವತ್ತು ಬೆಂಗಳೂರಿನಲ್ಲಿ ಬೈಕಿನ ಹಿಂದೆ ಊಟದ ಚೀಲ ಕಟ್ಟಿಕೊಂಡು ಓಡುವ ಹುಡುಗನನ್ನು ಆ್ಯಪ್ ಕಂಪನಿಗಳು "ಪಾರ್ಟ್‌ನರ್" ಅಂತ ಕರೆಯುತ್ತವಲ್ಲ, ಆ ಜಾಣತನ ಹೊಸದೇನೂ ಅಲ್ಲ. ಅಂಥ ಹುಡುಗರಿಗೆ ಒಂದಿಷ್ಟು ಸಾಮಾಜಿಕ ಭದ್ರತೆ ಕೊಡುವ ಕಾನೂನು ಮಾಡುವುದಕ್ಕೆ ಕರ್ನಾಟಕ ಸರ್ಕಾರ 2025ರವರೆಗೆ ಕಾಯಬೇಕಾಯಿತು.

ಇಷ್ಟೆಲ್ಲ ತಪ್ಪುಗಳನ್ನು ಎಣಿಸಿದ ಮೇಲೂ ಪಿಗ್ಮಿಯನ್ನು ನಾನು ಬಿಟ್ಟುಕೊಡುವುದಿಲ್ಲ. ಯಾಕೆ ಅಂದರೆ ಅದೇ ಬಾಗಿಲಿಗೆ ಈಗ ಇನ್ನೊಬ್ಬ ಬರುತ್ತಿದ್ದಾನೆ.

ಅವನೂ ಬೈಕಿನಲ್ಲೇ ಬರುತ್ತಾನೆ. ಅವನ ಹತ್ತಿರವೂ ಒಂದು ಮಿಷನ್, ಒಂದು ಪಟ್ಟಿ. ಅವನೂ ಮಾತಾಡಿಸುವುದು ಹೆಂಗಸರನ್ನೇ. ಆದರೆ ಅವನು ಬರುವುದು ಉಳಿತಾಯದ ದುಡ್ಡಿಗಲ್ಲ, ಸಾಲದ ಕಂತಿಗೆ. ಮೈಕ್ರೋಫೈನಾನ್ಸ್.

ಇದರ ಹುಟ್ಟೂ ಚೆನ್ನಾಗಿಯೇ ಇತ್ತು. ಬಾಂಗ್ಲಾದೇಶದಲ್ಲಿ ಮುಹಮ್ಮದ್ ಯೂನುಸ್ ಅಡವು ಇಲ್ಲದೆ ಬಡ ಹೆಂಗಸರಿಗೆ ಸಾಲ ಕೊಟ್ಟು ತೋರಿಸಿದರು, 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಲೆಕ್ಕಕ್ಕಿಲ್ಲದ ಮನುಷ್ಯನನ್ನು ಗಿರಾಕಿಯಾಗಿ ಕಂಡದ್ದು ಅಲ್ಲೂ ನಿಜ. ಆಮೇಲೆ ನಮ್ಮಲ್ಲಿಗೆ ಹೂಡಿಕೆದಾರರು ಬಂದರು. ಹೈದರಾಬಾದಿನ ಎಸ್‌ಕೆಎಸ್ ಮೈಕ್ರೋಫೈನಾನ್ಸ್ ಕಂಪನಿ 2010ರ ಆಗಸ್ಟಿನಲ್ಲಿ ಷೇರು ಪೇಟೆಗೆ ಕಾಲಿಟ್ಟಾಗ ಪೇಪರುಗಳಲ್ಲಿ ಹಬ್ಬವೋ ಹಬ್ಬ. ಬಡತನವನ್ನೂ ನಿವಾರಿಸಬಹುದು, ಲಾಭವನ್ನೂ ಮಾಡಬಹುದು ಅಂತ. ಬಡವರ ಮೇಲೆ ಲಾಭ ಮಾಡುವ ಈ ದಾರಿ ಸರಿಯಲ್ಲ ಅಂತ ಸ್ವತಃ ಯೂನುಸ್ ಟೀಕಿಸಿದರು. ಎರಡೇ ತಿಂಗಳು. ಅಕ್ಟೋಬರಿನಲ್ಲಿ ಸಾಲಗಾರರ ಆತ್ಮಹತ್ಯೆ, ವಸೂಲಿಯ ದೌರ್ಜನ್ಯದ ದೂರುಗಳ ನಡುವೆ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅದಕ್ಕೂ ಒಂದು ವರ್ಷ ಮೊದಲೇ, 2009ರಲ್ಲಿ, ನಮ್ಮ ಕೋಲಾರದಲ್ಲಿ ಕಂತು ಕಟ್ಟುವುದಿಲ್ಲ ಅಂತ ಜನ ನಿಂತಿದ್ದರು. ಯಾರೂ ಪಾಠ ಕಲಿಯಲಿಲ್ಲ. 2025ರ ಆರಂಭದಲ್ಲಿ ಚಾಮರಾಜನಗರ, ಮೈಸೂರು ಕಡೆಯಿಂದ ಜನ ಮನೆಗೆ ಬೀಗ ಹಾಕಿ ಊರು ಬಿಡುತ್ತಿರುವ ಸುದ್ದಿ ಬಂತು. ಫೆಬ್ರವರಿಯಲ್ಲಿ ನಮ್ಮ ಸರ್ಕಾರವೂ ಸುಗ್ರೀವಾಜ್ಞೆ ತಂದಿತು: ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ಈ ವ್ಯವಹಾರ ಹೇಗೆ ನಡೆಯುತ್ತದೆ ಅಂತ ನನ್ನ ಚಿಕ್ಕಮ್ಮನ ಮಗಳಿಂದ ತಿಳಿದುಕೊಂಡೆ. ಕಂಪನಿಯ ಹೆಸರು ಬೇಡ, ಎಲ್ಲ ಕಂಪನಿಯದ್ದೂ ಹೆಚ್ಚುಕಡಿಮೆ ಇದೇ ಕತೆ. ಹತ್ತು ಹೆಂಗಸರ ಗುಂಪು, ಒಬ್ಬರಿಗೊಬ್ಬರು ಜಾಮೀನು. ಒಬ್ಬಳ ಗಂಡ ಆಸ್ಪತ್ರೆ ಸೇರಿ ಕಂತು ತಪ್ಪಿದ ವಾರ ವಸೂಲಿಯವನು ಅವಳ ಜಗಲಿಯಲ್ಲಿ ರಾತ್ರಿ ಒಂಬತ್ತರವರೆಗೆ ಕೂತ. ಅವನು ಬೈಯಲಿಲ್ಲ. ಬೈಯುವ ಕೆಲಸವನ್ನು ಉಳಿದ ಒಂಬತ್ತು ಹೆಂಗಸರೇ ಮಾಡಿದರು. ಯಾಕೆ ಅಂದರೆ ಅವಳು ಕಟ್ಟದಿದ್ದರೆ ಇವರು ಕಟ್ಟಬೇಕು. ಮೂವತ್ತು ವರ್ಷದ ನೆರೆಹೊರೆ ಒಂದು ರಾತ್ರಿಯಲ್ಲಿ ಮುಗಿದುಹೋಯಿತು. ನನ್ನ ತಂಗಿ ತನ್ನ ಕಂತು ಕಟ್ಟುವುದಕ್ಕೆ ಇನ್ನೊಂದು ಸಂಘದಲ್ಲಿ ಸಾಲ ಎತ್ತಿದಳು, ಅದಕ್ಕೆ ಮತ್ತೊಂದರಲ್ಲಿ. ಮೂರನೇ ಸಾಲ ಕೊಟ್ಟವನಿಗೆ ಮೊದಲೆರಡು ಸಾಲ ಇರುವುದು ಗೊತ್ತಿರಲಿಲ್ಲವೇ? ಗೊತ್ತಿತ್ತು ಅಂತಲೇ ಅವಳು ಹೇಳುತ್ತಾಳೆ. ಅವನಿಗೂ ತಿಂಗಳ ಟಾರ್ಗೆಟ್ ಇದೆಯಂತೆ.

ಸಾಲ ಪಡೆಯುವ ಮನೆಯ ತಿಂಗಳ ಕಂತುಗಳೆಲ್ಲ ಸೇರಿ ಆದಾಯದ ಅರ್ಧ ಮೀರಬಾರದು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮ ಹೇಳುತ್ತದೆ. ಅದೇ ನಿಯಮಾವಳಿಯಲ್ಲಿ ಬಡ್ಡಿಯ ಮೇಲಿದ್ದ ಮಿತಿಯನ್ನೂ ತೆಗೆದುಹಾಕಿದರು. ಕಾಗದದ ಮೇಲೆ ಬರೆಯುವ ಆದಾಯ ಎಷ್ಟು ಅನ್ನುವುದನ್ನು ನಿರ್ಧರಿಸುವವನು ಯಾರು? ಟಾರ್ಗೆಟ್ ಇರುವವನೇ.

"ಅವರೂ ಇಲ್ಲದಿದ್ದರೆ ಮೀಟರ್ ಬಡ್ಡಿಯವನ ಹತ್ತಿರ ಹೋಗಬೇಕಿತ್ತು" ಅಂತ ಕಾಮೆಂಟು ಬರುತ್ತದೆ, ಗೊತ್ತು. ಒಪ್ಪಿದೆ. ಸಾಲ ಕೂಡದು ಅಂತ ನಾನು ಹೇಳುತ್ತಿಲ್ಲ. ಸಿಂಡಿಕೇಟ್ ಹುಟ್ಟಿದ್ದೇ ನೇಕಾರರಿಗೆ ಸಾಲ ಕೊಡುವುದಕ್ಕೆ. ಆದರೆ ಮೀಟರ್ ಬಡ್ಡಿಯವನಿಗಿಂತ ವಾಸಿ ಅನ್ನುವುದೇ ಅಳತೆಗೋಲಾದರೆ, ಸಮಾಜವನ್ನು ಬದಲಾಯಿಸಿದೆ ಅಂತ ಎದೆ ಉಬ್ಬಿಸುವ ಹಕ್ಕನ್ನು ಬಿಟ್ಟುಬಿಡಿ. ಹುಲಿಗಿಂತ ಚಿರತೆ ಚಿಕ್ಕದು ಅಂತ ಯಾರೂ ಚಿರತೆಯನ್ನು ಹಟ್ಟಿಯಲ್ಲಿ ಕಟ್ಟುವುದಿಲ್ಲ.

ಎರಡೂ ವ್ಯಾಪಾರವೇ. ಎರಡರಲ್ಲೂ ಲಾಭ ಇದೆ. ಎರಡೂ ಬಡ ಹೆಂಗಸಿನ ಬಾಗಿಲಿಗೆ ಬಂದವೇ. ವ್ಯತ್ಯಾಸ ಇರುವುದು ಒಂದೇ ಕಡೆ. ಪಿಗ್ಮಿಯಲ್ಲಿ ನನ್ನ ದೊಡ್ಡಮ್ಮನ ಹತ್ತಿರ ದುಡ್ಡು ಹೆಚ್ಚಾದಷ್ಟೂ ಬ್ಯಾಂಕಿಗೆ ಲಾಭ. ಈ ವಾರದ ಕಂತಿನ ವ್ಯಾಪಾರದಲ್ಲಿ ನನ್ನ ತಂಗಿಯ ತಲೆಯ ಮೇಲೆ ಸಾಲ ಹೆಚ್ಚಾದಷ್ಟೂ ಕಂಪನಿಗೆ ಲಾಭ, ಅವಳು ಸಾಲ ಮುಗಿಸಿ ಕೈಬೀಸಿ ನಡೆದರೆ ಗಿರಾಕಿ ಕಳೆದುಹೋದಂತೆ. ಒಬ್ಬ ಉದ್ಯಮಿ ಒಳ್ಳೆಯವನೋ ಕೆಟ್ಟವನೋ ಅನ್ನುವುದು ಇಲ್ಲಿ ವಿಷಯವೇ ಅಲ್ಲ. ಮೈಕ್ರೋಫೈನಾನ್ಸ್ ಕಂಪನಿಯ ಮಾಲೀಕ ದೇವರಂಥ ಮನುಷ್ಯನೇ ಇರಬಹುದು, ಎರಡು ಪರ್ಸೆಂಟಿನಲ್ಲಿ ಅದೇ ಊರಿಗೆ ಶುದ್ಧ ನೀರಿನ ಘಟಕವನ್ನೂ ಕೊಟ್ಟಿರಬಹುದು. ನೂರು ಬರುವ ದಾರಿ ಸರಿ ಇಲ್ಲದಿದ್ದರೆ ಎರಡು ಹೋಗುವ ದಾರಿಯಿಂದ ಏನೂ ಸರಿಹೋಗುವುದಿಲ್ಲ.

ಇನ್ನೊಂದು ಮಾತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ ಒಂದಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. 2020ರ ಏಪ್ರಿಲ್ ಒಂದಕ್ಕೆ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ. ಆಗ ನಮ್ಮ ಕಡೆ ಬಹಳ ಜನ ಹೆಸರು ಹೋಯಿತು, ಅಸ್ಮಿತೆ ಹೋಯಿತು ಅಂತ ಗೋಳಾಡಿದರು. ಬೋರ್ಡು ಇಳಿಸಿದಾಗ ನನಗೂ ಹೊಟ್ಟೆ ಚುರುಕ್ ಅಂದಿತ್ತು. ಆದರೆ ನಮ್ಮ ಗೋಳು ಬೋರ್ಡಿನದ್ದಷ್ಟೇ ಆಯಿತು. ಬಾಗಿಲಿಗೆ ಬಂದು ಹತ್ತು ರೂಪಾಯಿ ಎಣಿಸಿಕೊಂಡು ಹೋಗುವವನು ಕಡಿಮೆಯಾದರೆ ಆ ಜಾಗಕ್ಕೆ ಯಾರು ಬಂದು ಕೂರುತ್ತಾರೆ ಅಂತ ಯಾರೂ ಕೇಳಲಿಲ್ಲ. ಪಿಗ್ಮಿ ಇನ್ನೂ ಸತ್ತಿಲ್ಲ. ಸಹಕಾರಿ ಸೊಸೈಟಿಗಳು ಅದನ್ನು ನಡೆಸಿಕೊಂಡು ಬರುತ್ತಿವೆ, ಪೇಟೆಯ ಗೂಡಂಗಡಿಗಳಲ್ಲಿ ಸಂಜೆ ಹೊತ್ತು ಮಿಷನ್ನಿನಿಂದ ಚೀಟಿ ಹರಿದು ಕೊಡುವುದನ್ನು ಈಗಲೂ ನೋಡಬಹುದು. ಆದರೆ ಅದನ್ನು ಉದ್ಯಮಶೀಲತೆ ಅಂತ ಯಾವ ಪುರವಣಿಯೂ ಬರೆಯುವುದಿಲ್ಲ. ಅದರಲ್ಲಿ ಸಾವಿರ ಕೋಟಿಯ ವ್ಯಾಲ್ಯುಯೇಷನ್ ಇಲ್ಲವಲ್ಲ!

ಹಾಗಾಗಿ ಮಿತ್ರರೇ, ಇನ್ನು ಮುಂದೆ ಯಾರಾದರೂ ಒಬ್ಬ ಉದ್ಯಮಿಯ ಫೋಟೋ ಹಾಕಿ "ಸಮಾಜ ಪರಿವರ್ತಕ" ಅಂತ ಬರೆದರೆ ಹಾರ ಹಾಕುವ ಮೊದಲು ಮೂರು ಪ್ರಶ್ನೆ ಕೇಳೋಣ. ಅವನ ಗಿರಾಕಿ ಉದ್ಧಾರವಾದರೆ ಅವನಿಗೆ ಲಾಭವೋ ನಷ್ಟವೋ? ಅವನ ಪರವಾಗಿ ಬಾಗಿಲು ಬಾಗಿಲಿಗೆ ತಿರುಗುವ ಮನುಷ್ಯನನ್ನು ಅವನು ಏನಂತ ಕರೆಯುತ್ತಾನೆ, ಎಷ್ಟು ಕೊಡುತ್ತಾನೆ? ನಾಳೆ ಅವನ ಕಂಪನಿ ಮುಚ್ಚಿಹೋದರೆ ಅವನ ಗಿರಾಕಿಯ ಕೈಯಲ್ಲಿ ಉಳಿಯುವುದು ಪಾಸ್‌ಬುಕ್ಕೋ, ನೋಟೀಸೋ?

ಈ ಮೂರಕ್ಕೂ ನೆಟ್ಟಗೆ ಉತ್ತರ ಕೊಡುವ ಉದ್ಯಮಿ ಸಿಕ್ಕರೆ ಹೇಳಿ, ಅವನು ಒಂದು ಪೈಸೆ ದಾನ ಮಾಡದಿದ್ದರೂ ಚಿಂತೆಯಿಲ್ಲ. ಹಾರ ನಾನೇ ತರುತ್ತೇನೆ.

ಏನಂತೀರಿ?